ಹೊಸ ಇನ್ಸರ್ಟ್ ಒಲೆಯಲ್ಲಿ ಹೊಗೆ, ಗಾಜಿಗೆ ಮಸಿ: ಏನು ಮಾಡಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾವು ಗುಂಡ್ಲುಪೇಟೆ ಕಡೆಯವರು, ಈಗ ಊಟಿಯಲ್ಲಿದ್ದೇವೆ. ನಮ್ಮ ಹಳೇ ಮನೆಯಲ್ಲಿ ಬ್ರಿಟಿಷರ ಕಾಲದ ಫೈರ್‌ಪ್ಲೇಸ್ ಇದೆ. ಎಷ್ಟು ಸೌದೆ ಹಾಕಿದರೂ ಕೋಣೆ ಬೆಚ್ಚಗಾಗುತ್ತಿರಲಿಲ್ಲ. ಹಾಗಾಗಿ ಅದರೊಳಗೆ ಗಾಜಿನ ಬಾಗಿಲಿನ ಇನ್ಸರ್ಟ್ ಒಲೆ ಕೂರಿಸಿದೆವು. ಮೊದಲ ದಿನ ಪೇಂಟ್ ಸುಟ್ಟ ವಾಸನೆ ಬಂತು. ಒಂದೇ ವಾರಕ್ಕೆ ಗಾಜು ಕಪ್ಪಾಯಿತು. ಬಾಗಿಲು ತೆಗೆದರೆ ಹೊಗೆ ಮನೆಯೊಳಗೇ ಬರುತ್ತದೆ, ಅತ್ತೆಗೆ ಕೆಮ್ಮು ಶುರುವಾಗಿದೆ. ರಾತ್ರಿ ದೊಡ್ಡ ಕೊರಡು ಹಾಕಿ, ಒಲೆಗೆ ಗಾಳಿ ಬಿಡುವ ಹಿಡಿ ಪೂರ್ತಿ ಮುಚ್ಚಿ ಮಲಗುತ್ತೇವೆ. ನಮ್ಮ ಒಲೆಯೇ ಸರಿಯಿಲ್ಲವಾ?

ಉತ್ತರ: ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಗಾಳಿ ಪೂರ್ತಿ ಮುಚ್ಚಿ ಮಲಗುವುದನ್ನು ಇವತ್ತಿನಿಂದಲೇ ನಿಲ್ಲಿಸಿ. ಗಾಳಿ ಸಾಲದೆ ಕುಮುಲುವ ಸೌದೆ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗೆ ಕೆಂಡವನ್ನು ಕೋಣೆಯೊಳಗೆ ಇಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳಲೇ ಇಲ್ಲ ಅನ್ನುವ ಸುದ್ದಿ ಗುಡ್ಡದ ಊರುಗಳಿಂದ ಬರುತ್ತಲೇ ಇರುತ್ತದೆ. ನಿಮ್ಮ ಒಲೆಗೆ ಚಿಮಣಿ ಇದೆ, ನಿಜ. ಆದರೆ ಒಲೆ ತಣ್ಣಗಾದ ಹಾಗೆ ಚಿಮಣಿಯ ಎಳೆತವೂ ಕಮ್ಮಿಯಾಗುತ್ತದೆ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅತ್ತೆ ಮಲಗುವ ಕೋಣೆಗೆ ಒಂದು, ಒಲೆ ಇರುವ ಕೋಣೆಗೆ ಒಂದು ಹಾಕಿಸಿ. ಯಾರಿಗಾದರೂ ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಮೊದಲು ಎಲ್ಲರೂ ಹೊರಗೆ ಬನ್ನಿ. ಕಾರಣ ಹುಡುಕುವುದು ಆಮೇಲೆ.

ಪೇಂಟ್ ವಾಸನೆಗೆ ಹೆದರಬೇಡಿ. ಹೊಸ ಒಲೆಗೆ ಬಳಿದ ಬಣ್ಣ ಬಿಸಿಗೆ ಗಟ್ಟಿಯಾಗುವಾಗ ಹಾಗೆ ಆಗುತ್ತದೆ. ಮೊದಲ ಎರಡು ಮೂರು ಸಲ ಸಣ್ಣ ಬೆಂಕಿ ಹಾಕಿ, ಪ್ರತಿ ಸಲ ಪೂರ್ತಿ ಆರಲು ಬಿಟ್ಟು, ಕಿಟಕಿ ತೆಗೆದಿಟ್ಟರೆ ವಾಸನೆ ಹೋಗುತ್ತದೆ.

ಇನ್ನು ಹೊಗೆ ಮತ್ತು ಮಸಿ. ನನಗೆ ಅನುಮಾನ ಇರುವುದು ನಿಮ್ಮ ಸೌದೆಯ ಮೇಲೆ.

ಊರಿನಲ್ಲಿ ಬಚ್ಚಲೊಲೆಗೆ ಸ್ವಲ್ಪ ಹಸಿ ಸೌದೆ ತುರುಕಿದರೂ ಹೇಗೋ ನೀರು ಕಾಯುತ್ತದೆ. ಈ ಒಲೆ ಅದನ್ನು ಸಹಿಸುವುದಿಲ್ಲ. ಆಗ ತಾನೇ ಕಡಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರುತ್ತದೆ. ಎರಡು ಕಿಲೋ ಹಸಿ ಕೊರಡು ಹಾಕಿದಿರಿ ಅಂದರೆ ಬೆಂಕಿಯ ಮೇಲೆ ಒಂದು ಚೊಂಬು ನೀರು ಇಟ್ಟ ಹಾಗೆ. ಅಷ್ಟೂ ಆವಿಯಾಗುವವರೆಗೆ ನಿಮ್ಮ ಕೋಣೆಗೆ ಬರಬೇಕಾದ ಬಿಸಿ ಅಲ್ಲಿಗೇ ಹೋಗುತ್ತದೆ. ಬೆಂಕಿ ಸೊರಗುತ್ತದೆ, ಹೊಗೆ ದಟ್ಟವಾಗುತ್ತದೆ. ಗಾಜಿಗೆ ಹತ್ತುವ ಮಸಿ ಅದೇ. ಅದೇ ಹೊಗೆ ಚಿಮಣಿಯೊಳಗೆ ತಣ್ಣಗಾಗಿ ಟಾರಿನ ಹಾಗೆ ಅಂಟಿಕೊಳ್ಳುತ್ತದೆ. ಒಂದು ದಿನ ಅದಕ್ಕೆ ಬೆಂಕಿ ಹತ್ತಿದರೆ ಚಾವಣಿಯ ಮರವೂ ಉಳಿಯುವುದಿಲ್ಲ.

ನಾನೂ ಮೊದಲ ವರ್ಷ ಇದೇ ತಪ್ಪು ಮಾಡಿದೆ. ಮಳೆಗಾಲದಲ್ಲಿ ಕೊಂಡ ಸೌದೆಯನ್ನು ಡಿಸೆಂಬರ್‌ನಲ್ಲಿ ಉರಿಸಿದೆ. ಗಾಜಿನ ಹಿಂದೆ ಕೊರಡಿನ ತುದಿಯಿಂದ ನೊರೆ ಉಕ್ಕುತ್ತಿತ್ತು, ಸುಂಯ್ ಅಂತ ಸದ್ದು. ಆ ಸದ್ದು ಕೇಳಿದರೆ ಬೇರೆ ಪರೀಕ್ಷೆ ಬೇಕಿಲ್ಲ, ಸೌದೆ ಹಸಿ. ಒಣಗಿದ ಸೌದೆಯ ತುದಿಯಲ್ಲಿ ಬಿರುಕು ಬಿಟ್ಟಿರುತ್ತದೆ, ತೊಗಟೆ ಸುಲಭವಾಗಿ ಕಳಚುತ್ತದೆ. ಎರಡು ಸೀಳನ್ನು ಒಂದಕ್ಕೊಂದು ಬಡಿದರೆ ಟಣ್ ಅನ್ನಬೇಕು. ಹಸಿಯಾದರೆ ಡಬ್ ಅನ್ನುತ್ತದೆ. ಸರಿಯಾಗಿ ತಿಳಿಯಬೇಕಾದರೆ ತೇವಾಂಶ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ. ಸೀಳನ್ನು ಇನ್ನೊಮ್ಮೆ ಸೀಳಿ, ಒಳಮೈಗೆ ಅದರ ಮೊಳೆ ಚುಚ್ಚಿ. ಶೇಕಡಾ 20ಕ್ಕಿಂತ ಕಮ್ಮಿ ಇರಬೇಕು.

ನಿಮ್ಮ ಕಡೆ ಸಿಗುವುದು ಹೆಚ್ಚಾಗಿ ನೀಲಗಿರಿ ಮರ ಮತ್ತು ವ್ಯಾಟಲ್, ಅಲ್ವಾ? ಎರಡೂ ಆಸ್ಟ್ರೇಲಿಯಾದಿಂದ ಬಂದವು. ಹಾಗಿದ್ದೂ ನಮ್ಮ ಕನ್ನಡದಲ್ಲಿ ಯೂಕಲಿಪ್ಟಸ್‌ಗೆ ನಿಮ್ಮ ಬೆಟ್ಟದ ಹೆಸರೇ ನಿಂತಿದೆ. ತಮಿಳಿನವರು ಸೀಗೈ ಅನ್ನುವ ವ್ಯಾಟಲ್ ನನಗೆ ಹೆಚ್ಚು ಇಷ್ಟ. ಗಟ್ಟಿ ಮರ, ಕೆಂಡ ಚೆನ್ನಾಗಿ ನಿಲ್ಲುತ್ತದೆ. ನೀಲಗಿರಿ ಜೋರಾಗಿ ಉರಿಯುತ್ತದೆ, ಆದರೆ ಒಣಗಿದ ಮೇಲೆ ಅದನ್ನು ಸೀಳಲು ಕೊಡಲಿಯೂ ಸೋಲುತ್ತದೆ. ಹಸಿಯಿರುವಾಗಲೇ ಸೀಳಿಸಿಬಿಡಿ.

ಊಟಿಗೆ ಜೂನ್‌ನಿಂದ ಒಂದು ಮಳೆ, ಅಕ್ಟೋಬರ್‌ನಿಂದ ಇನ್ನೊಂದು ಮಳೆ. ಸೌದೆ ಒಣಗಲು ಸಿಗುವ ಒಳ್ಳೆಯ ಕಾಲ ಜನವರಿಯಿಂದ ಮಾರ್ಚ್‌ವರೆಗೆ ಮಾತ್ರ. ಹಾಗಾಗಿ ಮುಂದಿನ ಚಳಿಗೆ ಬೇಕಾದ ಸೌದೆಯನ್ನು ಈ ಜನವರಿಯಲ್ಲೇ ತರಿಸಿ, ಕೈಮಣಿಕಟ್ಟಿನ ದಪ್ಪಕ್ಕೆ ಸೀಳಿಸಿ. ನೆಲದಿಂದ ಒಂದಡಿ ಎತ್ತರದಲ್ಲಿ ಜೋಡಿಸಿ, ಮೇಲಕ್ಕೆ ಮಾತ್ರ ತಗಡು ಹಾಕಿ. ಪಕ್ಕಗಳಿಗೆ ಟಾರ್ಪಾಲ್ ಸುತ್ತಬೇಡಿ, ಗಾಳಿ ಆಡಬೇಕು. ಬಿಲ್ ಕೊಡುವ ಡಿಪೋದಿಂದಲೇ ಕೊಳ್ಳಿ. ಅಲ್ಲಿ 1955ರ ಗುಡ್ಡಗಾಡು ಮರ ಸಂರಕ್ಷಣಾ ಕಾಯ್ದೆ ಇದೆ, ನಿಮ್ಮದೇ ತೋಟದ ಮರ ಕಡಿಯುವುದಕ್ಕೂ ಅನುಮತಿ ಕೇಳಬೇಕಾಗುತ್ತದೆ. ಈ ವರ್ಷದ ಮಟ್ಟಿಗೆ ಸಾಮಿಲ್‌ನಲ್ಲಿ ಸಿಗುವ ಒಣ ಮರದ ತುಂಡು ತಂದು ಉರಿಸಿ. ಪೇಂಟ್ ಹಚ್ಚಿದ ಮರ, ಪ್ಲೈವುಡ್, ಹಾಲಿನ ಕವರ್ ಯಾವುದೂ ಬೇಡ.

ಹೊತ್ತಿಸುವ ರೀತಿ ನಮ್ಮ ಬಚ್ಚಲೊಲೆಗೆ ಪೂರಾ ಉಲ್ಟಾ. ದಪ್ಪ ಸೀಳು ಎರಡು ಕೆಳಗೆ, ಅದರ ಮೇಲೆ ಅಡ್ಡಡ್ಡ ಸಣ್ಣ ಸೀಳು, ಎಲ್ಲಕ್ಕಿಂತ ಮೇಲೆ ಪುಳ್ಳೆ. ಬೆಂಕಿ ಮೇಲಿನಿಂದ ಹಚ್ಚಿ. ಚಿಮಣಿ ಬೇಗ ಬಿಸಿಯಾಗಿ ಹೊಗೆಯನ್ನು ಎಳೆದುಕೊಳ್ಳುತ್ತದೆ. ಗಾಳಿಯ ಹಿಡಿ ಪೂರ್ತಿ ತೆಗೆದಿರಲಿ. ಮೊದಲ ಐದು ನಿಮಿಷ ಬಾಗಿಲನ್ನು ಒಂದು ಬೆರಳಿನಷ್ಟು ತೆರೆದಿಡಿ, ಅಷ್ಟು ಹೊತ್ತು ಪಕ್ಕದಲ್ಲೇ ಕೂತಿರಿ. ದೊಡ್ಡ ಸೀಳುಗಳು ಹತ್ತಿಕೊಂಡ ಮೇಲೆ ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಕಮ್ಮಿ ಮಾಡಿ. ಜ್ವಾಲೆ ಹಳದಿಯಾಗಿ ಕುಣಿಯುತ್ತಿರಬೇಕು. ಹೊರಗೆ ಹೋಗಿ ಚಿಮಣಿ ನೋಡಿ, ಹೊಗೆ ಕಂಡೂ ಕಾಣದ ಹಾಗಿದ್ದರೆ ಸರಿ. ಜ್ವಾಲೆ ಇಳಿದು ಕೆಂಡವಾದ ಮೇಲೆಯೇ ಮತ್ತೆ ಸೌದೆ ಹಾಕಿ. ಆಗ ಬಾಗಿಲನ್ನು ಒಮ್ಮೆಗೇ ಎಳೆಯಬೇಡಿ. ಸ್ವಲ್ಪ ಸಡಿಲಿಸಿ, ಹತ್ತು ಎಣಿಸಿ, ಆಮೇಲೆ ನಿಧಾನಕ್ಕೆ ತೆಗೆಯಿರಿ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಓಡುತ್ತಿದ್ದರೆ ಅದು ಒಲೆಯ ಹೊಗೆಯನ್ನೂ ಎಳೆಯುತ್ತದೆ, ಆರಿಸಿ.

ಇಷ್ಟು ಮಾಡಿದ ಮೇಲೂ ಹೊಗೆ ಬಂದರೆ, ಒಲೆ ಕೂರಿಸಿದವರನ್ನು ಕರೆದು ಒಂದೇ ಪ್ರಶ್ನೆ ಕೇಳಿ: ಚಿಮಣಿಯ ತುದಿಯವರೆಗೆ ಸ್ಟೀಲ್ ಪೈಪ್ ಇಳಿಸಿದ್ದೀರಾ? ತುಂಬಾ ಮನೆಗಳಲ್ಲಿ ಒಲೆಯನ್ನು ಸುಮ್ನೆ ಗೂಡಿನೊಳಗೆ ತಳ್ಳಿ ಹೋಗಿಬಿಡುತ್ತಾರೆ. ಹಳೇ ಇಟ್ಟಿಗೆ ಚಿಮಣಿ ತೆರೆದ ಬೆಂಕಿಗಾಗಿ ಕಟ್ಟಿದ್ದು, ಒಳಗೆ ಬಲು ಅಗಲ. ಈ ಒಲೆಯ ಕಮ್ಮಿ ಹೊಗೆ ಅಲ್ಲಿ ತಣ್ಣಗಾಗಿ ನಿಂತುಬಿಡುತ್ತದೆ. ಅದೂ ಅಲ್ಲದೆ ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಗಾಳಿ ತೆಳು, ಎಳೆತ ಮೊದಲೇ ಕಮ್ಮಿ. ಪೈಪ್ ಇಲ್ಲದಿದ್ದರೆ ಹಾಕಿಸುವವರೆಗೆ ಒಲೆ ಹಚ್ಚಬೇಡಿ. ಖರ್ಚಿನ ಬಾಬತ್ತು ನಿಜ, ಆದರೆ ಇದರಲ್ಲಿ ಮಾತ್ರ ಉಳಿತಾಯ ನೋಡಬೇಡಿ. ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಮುಂಚೆ, ಚಿಮಣಿ ಗುಡಿಸಿಸಿ.

ಗಾಜು ಒರೆಸಲು ಬೂದಿಯೇ ಸಾಕು. ಒಲೆ ತಣ್ಣಗಿರುವಾಗ ಒದ್ದೆ ಪೇಪರನ್ನು ನುಣ್ಣಗಿನ ಬೂದಿಗೆ ಅದ್ದಿ ತಿಕ್ಕಿ, ಪಾತ್ರೆ ಬೆಳಗಿದ ಹಾಗೆ. ಉಳಿದ ಬೂದಿಯನ್ನು ಮುಚ್ಚಳವಿರುವ ಕಬ್ಬಿಣದ ಬಕೆಟ್‌ನಲ್ಲಿ ಹೊರಗಿಡಿ, ಒಳಗಿನ ಕೆಂಡ ಎರಡು ಮೂರು ದಿನವೂ ಜೀವ ಹಿಡಿದಿರುತ್ತದೆ.

ಅತ್ತೆಯವರ ಕೆಮ್ಮಿಗೆ ಮಾತ್ರ ಸೌದೆ ಒಣಗಲಿ ಅಂತ ಕಾಯಬೇಡಿ. ಈ ವಾರವೇ ಡಾಕ್ಟರಿಗೆ ತೋರಿಸಿ, ಮನೆಯಲ್ಲಿ ಹೊಗೆ ತುಂಬುತ್ತಿತ್ತು ಅನ್ನುವುದನ್ನೂ ಹೇಳಿ.