ಉಡುಪಿಯಲ್ಲಿ ಡೇಲಿಲಿ ಮಳೆಗಾಲದಲ್ಲಿ ಕೊಳೆಯುತ್ತದೆ, ಉಳಿದ ಗಿಡ ಹೂ ಬಿಡುವುದಿಲ್ಲ. ಏನು ಮಾಡಬೇಕು?

ಮೊದಲು ತಳಿ ನೋಡಿ. ಚಳಿಗಾಲದಲ್ಲಿ ಎಲೆ ಪೂರ್ತಿ ಒಣಗಿ ಸುಪ್ತವಾಗುವ ತಳಿಗಳಿಗೆ ಚಳಿ ಬೇಕು, ನಮ್ಮ ಕರಾವಳಿಯ ಸೆಕೆಯಲ್ಲಿ ಅವು ಸೊರಗುತ್ತವೆ. ವರ್ಷವಿಡೀ ಹಸಿರಾಗಿರುವ ತಳಿಯನ್ನೇ ಕೇಳಿ ತನ್ನಿ.

ಕೊಳೆಯುವುದು ಮಳೆಯಿಂದಲ್ಲ, ನಿಂತ ನೀರಿನಿಂದ. ಡೇಲಿಲಿಗೆ ನಿಜವಾದ ಲಿಲಿಯ ಹಾಗೆ ಗೆಡ್ಡೆ ಇಲ್ಲ, ದಪ್ಪ ಬೇರುಗಳಿವೆ. ಬೇರು ಮತ್ತು ಎಲೆ ಕೂಡುವ ಬುಡಕ್ಕೆ ಸೆಕೆ, ತೇವ ಎರಡೂ ಒಟ್ಟಿಗೆ ತಾಗಿದರೆ ಅದು ಮೆತ್ತಗಾಗಿ ನಾರುತ್ತದೆ. ಅರ್ಧ ಅಡಿ ಎತ್ತರದ ಏರಿ ಮಾಡಿ, ಎರಡು ಪಾಲು ಕೆಂಪುಮಣ್ಣಿಗೆ ಒಂದೊಂದು ಪಾಲು ದಪ್ಪ ಹೊಯಿಗೆ, ಹಳೆಯ ಹಟ್ಟಿಗೊಬ್ಬರ ಬೆರೆಸಿ. ಕಡಲ ಹೊಯಿಗೆ ಬೇಡ, ಉಪ್ಪಿರುತ್ತದೆ. ಬುಡ ಒಂದು ಇಂಚಿಗಿಂತ ಆಳಕ್ಕೆ ಹೋಗಬಾರದು. ಹೋದರೆ ಹೂವೂ ಕಡಿಮೆಯಾಗುತ್ತದೆ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಡಿ. ನೆಡಲು ಮಳೆ ಇಳಿದ ಅಕ್ಟೋಬರ್ ಒಳ್ಳೆಯದು. ಮಳೆಗಾಲದಲ್ಲಿ ಬುಡಕ್ಕೆ ತರಗೆಲೆ ಒಟ್ಟಬೇಡಿ, ಅದು ಬೇಸಗೆಗೆ ಸಾಕು.

ಹೂ ಬಾರದಿರಲು ಸಾಮಾನ್ಯ ಕಾರಣ ತೆಂಗು, ಮಾವಿನ ನೆರಳು. ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಯೂರಿಯಾ ಹೆಚ್ಚಾದರೆ ಎಲೆ ಮಾತ್ರ ಸೊಂಪಾಗುತ್ತದೆ. ಬುಡ ಇಕ್ಕಟ್ಟಾಗಿದ್ದರೆ ಮೂರು-ನಾಲ್ಕು ವರ್ಷಕ್ಕೊಮ್ಮೆ ಅಗೆದು, ಎರಡು-ಮೂರು ಕವಲಿರುವ ತುಂಡುಗಳಾಗಿ ಬಿಡಿಸಿ, ಎಲೆಯನ್ನು ಆರು ಇಂಚಿಗೆ ಕತ್ತರಿಸಿ ನೆಡಿ. ಒಂದು ಹೂವಿನ ಆಯುಸ್ಸು ಒಂದೇ ದಿನ, ಬಾಡಿತೆಂದು ಗಾಬರಿ ಬೇಡ.

ಎಲೆಯಡಿ ಕಿತ್ತಳೆ ಪುಡಿ ಕಂಡರೆ ಅದು ತುಕ್ಕು ರೋಗ. ಆ ಎಲೆಗಳನ್ನು ಕತ್ತರಿಸಿ ಸುಟ್ಟುಬಿಡಿ. ಮನೆಯಲ್ಲಿ ಬೆಕ್ಕಿದ್ದರೆ ಈ ಗಿಡವೇ ಬೇಡ: ಎಲೆ ತಿಂದರೂ ಅದರ ಮೂತ್ರಪಿಂಡ ಕೆಡುತ್ತದೆ.