ಹಾರುವ ಜೇನಿನ ರೆಕ್ಕೆ 1/4000ರಲ್ಲೂ ಮಸುಕು ಬರ್ತದೆ, ಏನು ಮಾಡಲಿ?

ಧಾರವಾಡದ ಹತ್ತಿರದ ಸೂರ್ಯಕಾಂತಿ ಹೊಲ, ಕ್ರಾಪ್ ಸೆನ್ಸರ್ ಕ್ಯಾಮೆರಾ, 100 ಎಂಎಂ ಮ್ಯಾಕ್ರೊ ಲೆನ್ಸ್, ಶಟರ್ 1/4000, ಆದರೂ ರೆಕ್ಕೆ ಮಸುಕು ಅಂದಿದ್ದೀರಿ. ಬರಲೇಬೇಕು. ಜೇನುಹುಳ ಸೆಕೆಂಡಿಗೆ ಸುಮಾರು 230 ಸಲ ರೆಕ್ಕೆ ಬಡಿಯುತ್ತದೆ. 1/4000 ಸೆಕೆಂಡಿನಷ್ಟು ಚಿಕ್ಕ ಹೊತ್ತಿನಲ್ಲೂ ರೆಕ್ಕೆ ಹತ್ತು ಡಿಗ್ರಿ ಸರಿದಿರುತ್ತದೆ. ಈ ಕೆಲಸ ಫ್ಲ್ಯಾಶ್‌ಗೆ ಬಿಡಿ.

ಫ್ಲ್ಯಾಶನ್ನು ಮ್ಯಾನ್ಯುಯಲ್‌ನಲ್ಲಿ 1/32 ಪವರ್‌ಗೆ ಇಳಿಸಿದರೆ ಸಾಮಾನ್ಯವಾಗಿ ಅದರ ಬೆಳಕು 1/10,000 ಸೆಕೆಂಡೂ ಇರುವುದಿಲ್ಲ. ಶಟರ್ 1/200, ಎಫ್/11, ಐಎಸ್ಒ 200ರಿಂದ ಶುರುಮಾಡಿ. ಪವರ್ ಕಡಿಮೆ, ಹಾಗಾಗಿ ಡಿಫ್ಯೂಸರ್ (ಫ್ಲ್ಯಾಶಿನ ಬೆಳಕನ್ನು ಮೆದುವಾಗಿ ಹರಡುವ ಪರದೆ) ಹೂವಿನಿಂದ ಒಂದು ಗೇಣಿನೊಳಗಿರಲಿ. ಹೈ-ಸ್ಪೀಡ್ ಸಿಂಕ್ ಕಡ್ಡಾಯವಾಗಿ ಆಫ್: ಅದರಲ್ಲಿ ಬೆಳಕು ಶಟರ್ ಓಡುವಷ್ಟು ಹೊತ್ತೂ ಮಿನುಗುತ್ತಿರುತ್ತದೆ, ಗಳಿಸಿದ್ದೆಲ್ಲ ಹೋಯ್ತು. ಸೈಲೆಂಟ್ (ಎಲೆಕ್ಟ್ರಾನಿಕ್) ಶಟರ್ ಕೂಡ ಬೇಡ, ರೆಕ್ಕೆ ಸೊಟ್ಟಗೆ ಬರುತ್ತದೆ.

ಹೆಚ್ಚಿನವರು ಎಡವುವುದು ಬಿಸಿಲಿನಲ್ಲಿ. ಈ ಸೆಟ್ಟಿಂಗ್‌ಗೆ ಬರೀ ಬಿಸಿಲೇ ಸಾಕಾಗುತ್ತದೆ, ಹಾಗಾಗಿ ಫ್ಲ್ಯಾಶಿನ ಚೂಪು ಚಿತ್ರದ ಸುತ್ತ ಬಿಸಿಲಿನ ಮಸುಕು ನೆರಳೊಂದು ಕೂರುತ್ತದೆ. ಹೂವಿನ ಮೇಲೆ ಕಪ್ಪು ಕೊಡೆ ಹಿಡಿಯಿರಿ, ಹಿನ್ನೆಲೆಗೆ ಕಡುಹಸಿರು ಎಲೆ ಬರುವಂತೆ ನಿಲ್ಲಿ.

ಫೋಕಸ್: ಹಾರುವಾಗ 1:1ರ (ಹುಳ ಸೆನ್ಸರ್ ಮೇಲೆ ಅದರ ನಿಜ ಗಾತ್ರದಲ್ಲೇ ಮೂಡುವಷ್ಟು ಹತ್ತಿರದ) ಆಸೆ ಬಿಡಿ, ಅಲ್ಲಿ ಎಫ್/11ರಲ್ಲೂ ಒಂದು ಮಿಲಿಮೀಟರ್ ಆಳ ಕೂಡ ಚೂಪಾಗಿ ಸಿಗುವುದಿಲ್ಲ. 1:3ರಲ್ಲಿ ಐದು ಮಿಲಿಮೀಟರ್ ಸಿಗುತ್ತದೆ. ಆಟೋಫೋಕಸ್ ಆಫ್ ಮಾಡಿ, ರಿಂಗಿಗೆ ಟೇಪ್ ಅಂಟಿಸಿ, ಹೂವಿಗೆ ಎರಡು ಬೆರಳು ಮುಂದಿನ ಖಾಲಿ ಜಾಗಕ್ಕೆ ಫೋಕಸ್ ಇಟ್ಟು ಕಾಯಿರಿ. ಹುಳದ ಹಿಂದೆ ಓಡಬೇಡಿ. ಹತ್ತರಲ್ಲಿ ಒಂಬತ್ತು ಹಾಳಾಗುತ್ತವೆ, ಅದು ಇದರ ರೀತಿಯೇ.

ಬಲಿತ ಸೂರ್ಯಕಾಂತಿ ಪೂರ್ವಕ್ಕೇ ಮುಖ ಮಾಡಿ ನಿಲ್ಲುತ್ತದೆ. ನೀವು ಉತ್ತರಕ್ಕೋ ದಕ್ಷಿಣಕ್ಕೋ ನಿಂತರೆ ಹೂವಿನತ್ತ ಬರುವ ಹುಳದ ಪಕ್ಕನೋಟ ಸಿಗುತ್ತದೆ, ರೆಕ್ಕೆಯೂ ಪೂರ್ತಿ ಕಾಣುತ್ತದೆ. ಮುಂಜಾನೆ ಗಾಳಿ ಏಳುವ ಮುಂಚೆ ಹೋಗಿ. ಗದಗಿನ ಕಪ್ಪತಗುಡ್ಡದ ಕಡೆ, ಗಾಳಿಯಂತ್ರ ನೆಟ್ಟಿರುವ ಊರುಗಳಲ್ಲಿ, ಇದನ್ನು ಬೇರೆ ಹೇಳಬೇಕಿಲ್ಲ. ಕೈ ಪಳಗಿಸಲು ಹಿತ್ತಲ ತುಳಸಿಯೇ ವಾಸಿ. ಅಲ್ಲಿಗೆ ಬರುವ ನೀಲಿಪಟ್ಟೆ ಜೇನು ಹೂವಿನ ಮುಂದೆ ಕ್ಷಣ ತೇಲಿ ನಿಲ್ಲುತ್ತದೆ, ತುಡುವೆ ಜೇನಿಗಿಂತ ಸುಲಭ.

ಹೊಲದವರನ್ನು ಕೇಳಿಯೇ ಒಳಗಿಳಿಯಿರಿ. ಎಣ್ಣಿ (ಕೀಟನಾಶಕ) ಹೊಡೆದಿದ್ದರೆ ಆ ಹೊಲ ಬಿಡಿ: ಹುಳವೂ ಸಿಗುವುದಿಲ್ಲ, ನಿಮ್ಮ ಮೈಗೂ ಆಗುವುದಿಲ್ಲ.