ಕುಡಿಯದವರಿಗೂ ಫ್ಯಾಟಿ ಲಿವರ್ ಬರುತ್ತದಾ? ಗ್ರೇಡ್ 1 ಅಂದರೆ ಹೆದರಬೇಕಾ?

ನಿಮಗೆ 38 ವರ್ಷ. ಒಂದು ತೊಟ್ಟು ಕುಡಿದವರಲ್ಲ, ನೋಡುವುದಕ್ಕೆ ದಪ್ಪವೂ ಇಲ್ಲ. ಹೊಟ್ಟೆ ಉಬ್ಬರ ಅಂತ ಸ್ಕ್ಯಾನ್ ಮಾಡಿಸಿದರೆ ‘ಗ್ರೇಡ್ 1 ಫ್ಯಾಟಿ ಲಿವರ್’ ಅಂತ ಬಂದಿದೆ. ಮನೆಯಲ್ಲಿ ‘ಕದ್ದು ಕುಡೀತೀಯಾ?’ ಅಂತ ಕೇಳುತ್ತಿದ್ದಾರೆ. ತಂದೆಗೆ 15 ವರ್ಷದಿಂದ ಶುಗರ್ ಇದೆ ಅಂತಲೂ ಬರೆದಿದ್ದೀರಿ.

ನಾನು ಡಾಕ್ಟರ್ ಅಲ್ಲ. ಆದರೆ ಈ ಕಾಯಿಲೆಯನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ನಮ್ಮಮ್ಮ ಇದರಿಂದಲೇ ಹೋದರು. ಬಸ್ಸಿನಲ್ಲಿ ಪಕ್ಕದವನು ಕುಡಿದಿದ್ದಾನೆ ಅನ್ನಿಸಿದರೆ ಸಾಕು, ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದ ಹೆಂಗಸು ಅವರು. ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗಿ ಹಾಳಾಗಿದೆ ಅಂತ ಗೊತ್ತಾದ ದಿನ ನೆಂಟರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ‘ನಿಮ್ಮಮ್ಮ ಏನಾದ್ರೂ...’ ಅಂತ ಅರ್ಧಕ್ಕೇ ನಿಲ್ಲಿಸಿದರು. ಅದು ಇವತ್ತಿಗೂ ಚುಚ್ಚುತ್ತದೆ. ಹಾಗಾಗಿ ನಿಮ್ಮ ಮನೆಯವರ ಅನುಮಾನ ನಿಮಗೆ ಎಷ್ಟು ನೋವು ಕೊಟ್ಟಿರಬಹುದು ಅಂತ ನನಗೆ ಗೊತ್ತಾಗುತ್ತದೆ.

ಅವರಿಗೆ ಇದನ್ನು ತೋರಿಸಿ. 1980ರಲ್ಲೇ ಅಮೆರಿಕದ ಮೇಯೊ ಕ್ಲಿನಿಕ್‌ನ ಡಾ. ಲುಡ್ವಿಗ್ ಮತ್ತು ಅವರ ಜೊತೆಯವರು 20 ರೋಗಿಗಳ ಬಗ್ಗೆ ಬರೆದರು. ಲಿವರ್ ನೋಡಿದರೆ ಕುಡುಕರ ಲಿವರ್ ಇದ್ದ ಹಾಗೇ ಇತ್ತು. ಆದರೆ ಅವರು ಕುಡಿಯುವವರಲ್ಲ. ಹೆಚ್ಚಿನವರು ಹೆಂಗಸರು, ಸ್ವಲ್ಪ ದಪ್ಪ ಇದ್ದವರು, ಹಲವರಿಗೆ ಶುಗರ್ ಇತ್ತು. ಅಲ್ಲಿಯವರೆಗೆ ಆ ಕಾಯಿಲೆಗೆ ಹೆಸರೇ ಇರಲಿಲ್ಲ. ಆಮೇಲೆ ‘ನಾನ್ ಆಲ್ಕೊಹಾಲಿಕ್’ ಅಂತ ಬಂದ ಹೆಸರಿನಲ್ಲೂ ಕುಡಿತದ ಮಾತು ಉಳಿದುಕೊಂಡಿತು. 2023ರಲ್ಲಿ ಅದನ್ನೂ ತೆಗೆದು ‘ಎಂಎಎಸ್‌ಎಲ್‌ಡಿ’ ಅಂತ ಬದಲಾಯಿಸಿದ್ದಾರೆ. ಹೊಸ ಹೆಸರಿನಲ್ಲಿ ‘ಮೆಟಬಾಲಿಕ್’ ಅಂತ ಇದೆ. ಅಂದರೆ ತಿಂದದ್ದನ್ನು ಮೈ ಹೇಗೆ ಬಳಸಿಕೊಳ್ಳುತ್ತದೆ ಅನ್ನುವುದಕ್ಕೆ ಸೇರಿದ ಕಾಯಿಲೆ.

ಕುಡಿಯದೆ ಲಿವರಿಗೆ ಕೊಬ್ಬು ಎಲ್ಲಿಂದ ಬರುತ್ತದೆ? ಮುಖ್ಯ ಕಾರಣ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದು. ಆಗ ಹೊಟ್ಟೆಯ ಕೊಬ್ಬು ಕರಗಿ ರಕ್ತದ ಮೂಲಕ ಲಿವರಿಗೆ ಬರುತ್ತಲೇ ಇರುತ್ತದೆ. ಜಾಸ್ತಿಯಾದ ಸಕ್ಕರೆಯನ್ನೂ ಲಿವರ್ ಕೊಬ್ಬು ಮಾಡಿ ಇಟ್ಟುಕೊಳ್ಳುತ್ತದೆ. ಕೂಲ್‌ಡ್ರಿಂಕ್, ಪ್ಯಾಕೆಟ್ ಜ್ಯೂಸ್ ಇದನ್ನು ಇನ್ನೂ ಹೆಚ್ಚು ಮಾಡುತ್ತವೆ.

‘ನಾನು ದಪ್ಪ ಇಲ್ಲ’ ಅಂದಿರಲ್ಲ, ಅದನ್ನು ಕನ್ನಡಿ ನೋಡಿ ಹೇಳಬೇಡಿ, ಟೇಪ್ ಹಿಡಿದು ಹೇಳಿ. ನಮ್ಮ ದೇಶದವರಿಗೆ ಕೈಕಾಲು ಸಣ್ಣ, ಹೊಟ್ಟೆ ಮುಂದೆ. ಅದಕ್ಕೇ ನಮಗೆ ಅಳತೆಯೂ ಬೇರೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 23 ಆದರೇ ನಮಗೆ ತೂಕ ಜಾಸ್ತಿ ಅಂತ ಲೆಕ್ಕ. ನಾನು ತೆಳ್ಳಗಿದ್ದೇನೆ ಅಂದುಕೊಂಡಿದ್ದೆ. ಅಳೆದರೆ 94 ಬಂತು! ಪ್ಯಾಂಟಿನ ಸೈಜ್ ನಂಬಬೇಡಿ, ನಾವು ಅದನ್ನು ಹೊಟ್ಟೆಯ ಕೆಳಗೆ ಕಟ್ಟುತ್ತೇವೆ.

ಹೊಟ್ಟೆ ಬಿಟ್ಟರೆ ದೊಡ್ಡ ಕಾರಣ ಶುಗರ್. ಟೈಪ್ 2 ಶುಗರ್ ಇರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಫ್ಯಾಟಿ ಲಿವರ್ ಇರುತ್ತದೆ. ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು ಜಾಸ್ತಿ, ಒಳ್ಳೆಯ ಕೊಲೆಸ್ಟ್ರಾಲ್ ಕಮ್ಮಿ, ಬಿಪಿ, ಇವೂ ಜೊತೆಗೇ ಬರುತ್ತವೆ. ಪಿಸಿಒಡಿ (ಹೆಂಗಸರ ಅಂಡಾಶಯ, ಹಾರ್ಮೋನ್ ತೊಂದರೆ), ಥೈರಾಯ್ಡ್, ಗೊರಕೆಯ ಮಧ್ಯೆ ಉಸಿರು ನಿಲ್ಲುವ ತೊಂದರೆ ಇದ್ದವರಲ್ಲೂ ಜಾಸ್ತಿ. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಅಪಾಯ ಏರುತ್ತದೆ. ಸ್ಟೀರಾಯ್ಡ್‌ನಂಥ ಕೆಲವು ಮಾತ್ರೆಗಳಿಂದಲೂ ಬರಬಹುದು. ಮನೆತನದಲ್ಲೂ ಹರಿದು ಬರುತ್ತದೆ.

ಲಕ್ಷಣ ಕೇಳಿದಿರಿ. ಬಹಳ ಜನರಿಗೆ ಏನೂ ಇರುವುದಿಲ್ಲ. ಕೆಲವರಿಗೆ ಸುಸ್ತು, ಬಲಗಡೆ ಪಕ್ಕೆಯ ಕೆಳಗೆ ಭಾರ. ಅಮ್ಮನಿಗೆ ಕತ್ತಿನ ಹಿಂದೆ ಕಪ್ಪಾಗಿ, ಮುಟ್ಟಿದರೆ ದಪ್ಪ ಬಟ್ಟೆಯ ಹಾಗೆ ಒರಟಾಗಿತ್ತು. ಸರದ ಕರೆ ಅಂತ ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ಉಜ್ಜುತ್ತಿದ್ದರು. ಅದು ಇನ್ಸುಲಿನ್ ಕೆಲಸ ಮಾಡುತ್ತಿಲ್ಲ ಅನ್ನುವ ಗುರುತು ಅಂತ ನಮಗೆ ಯಾರೂ ಹೇಳಲಿಲ್ಲ. ಕೊನೆಗೆ ಸಿರೋಸಿಸ್ ಗೊತ್ತಾದದ್ದು ಕಾಲುಂಗುರದಿಂದ. ಪಾದ ಊದಿ ಉಂಗುರ ಚರ್ಮದೊಳಗೆ ಹೂತಿತ್ತು, ಅಕ್ಕಸಾಲಿಗನ ಹತ್ತಿರ ಹೋಗಿ ಕತ್ತರಿಸಿ ತೆಗೆಸಬೇಕಾಯಿತು. ಅಷ್ಟರಲ್ಲಿ ಹೊಟ್ಟೆಯಲ್ಲಿ ನೀರು ತುಂಬಲು ಶುರುವಾಗಿತ್ತು.

ಇನ್ನು ಗ್ರೇಡ್ ವಿಷಯ. ಇದನ್ನು ದಯವಿಟ್ಟು ಎರಡು ಸಲ ಓದಿ. ಗ್ರೇಡ್ ಹೇಳುವುದು ಕೊಬ್ಬು ಎಷ್ಟಿದೆ ಅಂತ ಮಾತ್ರ. ಲಿವರ್ ಹಾಳಾಗುವುದು ಗಾಯದ ಕಲೆ ಕಟ್ಟಿ ಗಟ್ಟಿಯಾಗುವುದರಿಂದ. ಅದಕ್ಕೆ ಫೈಬ್ರೋಸಿಸ್ ಅನ್ನುತ್ತಾರೆ. ಅಮ್ಮನದ್ದು ಮೊದಲು ಗ್ರೇಡ್ 2 ಇತ್ತು, ಕೆಲವು ವರ್ಷದ ಮೇಲೆ ಗ್ರೇಡ್ 1 ಬಂತು. ಮನೆಯಲ್ಲಿ ಎಲ್ಲರಿಗೂ ಖುಷಿ. ಲಿವರ್ ಗಟ್ಟಿಯಾಗುತ್ತಾ ಹೋದಾಗ ಕೊಬ್ಬು ತಾನಾಗಿಯೇ ಕಮ್ಮಿ ಕಾಣಬಹುದು ಅಂತ ಆಮೇಲೆ ತಿಳಿಯಿತು.

ಅವರು ಹೋದ ಮೇಲೆ ಒಂದು ರಾತ್ರಿ ಹಳೆಯ ಫೈಲ್ ತೆಗೆದು ಕೂತೆ. ಲಿವರಿನಲ್ಲಿ ಕಲೆ ಎಷ್ಟಿರಬಹುದು ಅಂತ ರಕ್ತದ ರಿಪೋರ್ಟಿನಿಂದ ಅಂದಾಜು ಮಾಡುವ ಫಿಬ್-4 ಅಂತ ಒಂದು ಲೆಕ್ಕ ಇದೆ. ಎಸ್‌ಜಿಒಟಿ, ಎಸ್‌ಜಿಪಿಟಿ ಅಂದರೆ ಲಿವರ್ ಟೆಸ್ಟಿನಲ್ಲಿ ಬರುವ ಎರಡು ಕಿಣ್ವಗಳ ಅಳತೆ, ಪ್ಲೇಟ್‌ಲೆಟ್ ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಬೇಕು. ಪ್ಲೇಟ್‌ಲೆಟ್ ಎಷ್ಟು ಸಾವಿರವೋ ಅದನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. 1.3ಕ್ಕಿಂತ ಕಮ್ಮಿ ಬಂದರೆ ಹೆಚ್ಚು ಕಲೆ ಇರುವ ಸಾಧ್ಯತೆ ಕಮ್ಮಿ. 2.67 ದಾಟಿದರೆ ಲಿವರ್ ಡಾಕ್ಟರ್ ನೋಡಲೇಬೇಕು. ಅಮ್ಮನಿಗೆ 61 ವರ್ಷ ಇದ್ದಾಗಿನ ರಿಪೋರ್ಟ್: ಎಸ್‌ಜಿಒಟಿ 58, ಎಸ್‌ಜಿಪಿಟಿ 41, ಪ್ಲೇಟ್‌ಲೆಟ್ 1.20 ಲಕ್ಷ. ಲೆಕ್ಕ ಹಾಕಿದರೆ 4.6. ಆ ಕಾಗದ ನಾಲ್ಕು ವರ್ಷ ನಮ್ಮ ಬೀರುವಿನಲ್ಲೇ ಇತ್ತು.

ನಿಮ್ಮದೂ ಹೀಗೆಯೇ ಆಗುತ್ತದೆ ಅಂತ ಹೇಳುತ್ತಿಲ್ಲ. ಫ್ಯಾಟಿ ಲಿವರ್ ಇರುವ ಹೆಚ್ಚಿನವರಿಗೆ ಸಿರೋಸಿಸ್ ಆಗುವುದಿಲ್ಲ. ಅವರಿಗೆ ಹೃದಯದ ತೊಂದರೆಯೇ ದೊಡ್ಡ ಅಪಾಯ, ಅದಕ್ಕೇ ಬಿಪಿ, ಕೊಲೆಸ್ಟ್ರಾಲ್ ಕೂಡ ನೋಡಿಸಬೇಕು. ಬರೀ ಕೊಬ್ಬಿನ ಹಂತದಲ್ಲೇ ಇದ್ದರೆ ಲಿವರ್ ಮತ್ತೆ ಮೊದಲಿನ ಹಾಗೆ ಆಗಬಹುದು. ತೂಕ ಜಾಸ್ತಿ ಇದ್ದರೆ ನೂರಕ್ಕೆ 5ರಷ್ಟು ಇಳಿಸಿದರೂ ಕೊಬ್ಬು ಕರಗುತ್ತದೆ, 7ರಿಂದ 10ರಷ್ಟು ಇಳಿಸಿದರೆ ಉರಿಯೂತವೂ ತಗ್ಗುತ್ತದೆ. ತೆಳ್ಳಗಿದ್ದವರಿಗೆ ಅದಕ್ಕಿಂತ ಕಮ್ಮಿಯಲ್ಲೇ ಗುಣ ಕಾಣಬಹುದು. ನನ್ನದು ಫಿಬ್-4 1.15 ಬಂತು. ರಾತ್ರಿ ಅನ್ನ ಅರ್ಧಕ್ಕೆ ಇಳಿಸಿ, ಬೆಳಿಗ್ಗೆ 45 ನಿಮಿಷ ಜೋರಾಗಿ ನಡೆಯುತ್ತಿದ್ದೇನೆ. ‘ಲಿವರ್ ಕ್ಲೀನ್’ ಅಂತ ಮಾರುವ ಕಷಾಯ, ಪುಡಿಗಳ ಕಡೆ ಹೋಗಬೇಡಿ. ಕೆಲವು ಲಿವರನ್ನೇ ಕೆಡಿಸುತ್ತವೆ.

ನಿಮಗಿಂತ ನಿಮ್ಮ ತಂದೆಯ ಬಗ್ಗೆ ನನಗೆ ಜಾಸ್ತಿ ಯೋಚನೆ. 15 ವರ್ಷದ ಶುಗರ್ ಅಂದಿರಿ. ಅವರ ಲಿವರ್ ಯಾರಾದರೂ ನೋಡಿದ್ದಾರಾ? ಮುಂದಿನ ಸಲ ಶುಗರ್ ಟೆಸ್ಟಿಗೆ ಹೋದಾಗ ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಮೂರನ್ನೂ ಮಾಡಿಸಿ. ಅದರಿಂದ ಫಿಬ್-4 ಲೆಕ್ಕ ಹಾಕಿ. ವಯಸ್ಸು 65 ದಾಟಿದ್ದರೆ 1.3ರ ಬದಲು 2ಕ್ಕಿಂತ ಕಮ್ಮಿ ಇದೆಯಾ ನೋಡಿ. ಜಾಸ್ತಿ ಬಂದರೆ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಸ್ಕ್ಯಾನ್) ಬೇಕಾ ಅಂತ ಡಾಕ್ಟರನ್ನು ಕೇಳಿ. ಹೋಗುವಾಗ ಅವರ ಹಳೆಯ ಫೈಲ್‌ಗಳನ್ನೂ ತೆಗೆದುಕೊಂಡು ಹೋಗಿ.